ಹೃದಯದ ವಾರ್ಡಿನಲ್ಲಿ ಸಿಸ್ಟರ್ ಏನು ಮಾಡುತ್ತಾರೆ?

2025ರ ಜೂನ್, ಜುಲೈ ನೆನಪಿರಬಹುದು. ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರತೊಡಗಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮುಂಚೆಯೇ ಜನ ಸಾಲುಗಟ್ಟಿದರು. ಎದೆನೋವು ಇದ್ದವರು, ಇಲ್ಲದವರು, ಪಕ್ಕದ ಬೀದಿಯವರಿಗೆ ಆಯಿತೆಂದು ಹೆದರಿ ಬಂದವರು, ಎಲ್ಲರಿಗೂ ಇಸಿಜಿ ಬೇಕಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಅಂಥ ದಿನಗಳಲ್ಲಿ ಸ್ಟೆಂಟ್, ಆಂಜಿಯೋಗ್ರಾಮ್, ಟಿಎಂಟಿ ಎಂಬ ಮಾತುಗಳು ಟೀ ಅಂಗಡಿಯ ಬೆಂಚಿನ ಮೇಲೂ ಕೇಳಿಬರುತ್ತವೆ. ನರ್ಸ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಒಬ್ಬರನ್ನು ಅಡ್ಮಿಟ್ ಮಾಡಿದ ಮೇಲೆ ಡಾಕ್ಟರು ರೌಂಡ್ಸಿಗೆ ಬಂದು ಹಾಸಿಗೆಯ ಬಳಿ ನಿಲ್ಲುವುದು ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ರೋಗಿ ಇರುವುದು ನರ್ಸ್ ಕಣ್ಣಳತೆಯಲ್ಲಿ. ಅವರು ಗಂಟೆಗೊಮ್ಮೆ ಬಂದು ಏನನ್ನೋ ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಪಾದ ಮುಟ್ಟುತ್ತಾರೆ, "ಮನೇಲಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?" ಎಂದು ಕೇಳುತ್ತಾರೆ. ಹೊರಗೆ ಕುರ್ಚಿಯಲ್ಲಿ ಕುಳಿತ ಮನೆಯವರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಅದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮಾತು ಹಿಡಿತಕ್ಕೆ ಸಿಗಲೆಂದು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಅರಕಲಗೂಡು ಕಡೆಯ ರೈತರು, ವಯಸ್ಸು 58, ಆಲೂಗಡ್ಡೆ, ಶುಂಠಿ ಬೆಳೆಯುವವರು. ರಾತ್ರಿ ಊಟವಾದ ಮೇಲೆ ಎದೆ ಹಿಂಡಿದಂತಾಗಿ, ಮೈಯೆಲ್ಲ ಬೆವತು, "ಗ್ಯಾಸ್ಟ್ರಿಕ್ ಇರ್ಬೇಕು" ಎಂದು ಸೋಡಾ ಕುಡಿದು ಎರಡು ಗಂಟೆ ಕಳೆದಿದ್ದಾರೆ. ಅವರನ್ನು ಯಜಮಾನರು ಎನ್ನೋಣ. ವಾರ್ಡಿನಲ್ಲೂ ಹಾಗೇ ಕರೆಯುತ್ತಾರೆ.

ಪೈಪು ಮತ್ತು ವೈರು

ಹೃದಯಾಘಾತ, ಹೃದಯ ಸ್ತಂಭನ. ಟಿವಿಯಲ್ಲಿ ಎರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ, ಆದರೆ ಎರಡೂ ಬೇರೆ. ಒಂದು ಮನೆಯಲ್ಲಿ ನೀರಿನ ಪೈಪೂ ಇರುತ್ತದೆ, ಕರೆಂಟಿನ ವೈರೂ ಇರುತ್ತದೆ. ಹೃದಯಕ್ಕೂ ಹಾಗೆಯೇ. ಮೈಗೆಲ್ಲ ರಕ್ತ ತಳ್ಳುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ತರುವ ಸಣ್ಣ ರಕ್ತನಾಳಗಳಲ್ಲಿ ಒಂದು ಕಟ್ಟಿಕೊಂಡರೆ ಆ ನಾಳ ನಂಬಿದ್ದ ಸ್ನಾಯು ಹಸಿದು ಸಾಯತೊಡಗುತ್ತದೆ. ಇದು ಪೈಪಿನ ತೊಂದರೆ, ಹೆಸರು ಹೃದಯಾಘಾತ, ವಾರ್ಡಿನ ಮಾತಿನಲ್ಲಿ ಎಂಐ. ರೋಗಿ ಮಾತಾಡುತ್ತಿರಬಹುದು, ನಡೆದುಕೊಂಡೇ ಆಸ್ಪತ್ರೆಗೆ ಬರಬಹುದು.

ಇನ್ನು ವೈರು. ಹೃದಯದ ಮೇಲ್ಭಾಗದಲ್ಲಿ ಒಂದು ಪುಟ್ಟ ಜಾಗದಿಂದ ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಟು ಇಡೀ ಹೃದಯವನ್ನು ತಾಳಕ್ಕೆ ಕುಣಿಸುತ್ತದೆ. ಆ ತಾಳ ಪೂರ್ತಿ ಕೆಟ್ಟು ಸ್ನಾಯು ಬರೀ ನಡುಗತೊಡಗಿದರೆ ರಕ್ತ ಮುಂದೆ ಹೋಗುವುದೇ ಇಲ್ಲ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಇದು ಹೃದಯ ಸ್ತಂಭನ. ಪೈಪು ಸೋರಿದ ಗೋಡೆಯಲ್ಲೇ ವೈರಿಂಗೂ ಹೋಗಿದ್ದರೆ ಶಾರ್ಟ್ ಆಗುತ್ತದಲ್ಲ, ಹಾಗೆ ಹೃದಯಾಘಾತವಾದವರಿಗೆ ಮೊದಲ ಗಂಟೆಗಳಲ್ಲಿ ಸ್ತಂಭನವಾಗುವ ಅಪಾಯ ಹೆಚ್ಚು. ಸಿಸಿಯು ಎಂಬ ಕೋಣೆ, ಅಂದರೆ ಹೃದ್ರೋಗಿಗಳ ತೀವ್ರ ನಿಗಾ ಘಟಕ, ಇರುವುದೇ ಈ ಶಾರ್ಟ್ ಸರ್ಕ್ಯೂಟನ್ನು ಕಾಯಲು.

ಯಂತ್ರ ಬಂತು, ಅಪ್ಪಣೆ ಆಮೇಲೆ ಬಂತು

1950ರ ದಶಕದವರೆಗೂ ಹೃದಯಾಘಾತವಾದವರನ್ನು ಸಾಮಾನ್ಯ ವಾರ್ಡಿನ ಯಾವುದೋ ಮೂಲೆಯಲ್ಲಿ ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಎಷ್ಟೋ ಸಾವು ಯಾರ ಕಣ್ಣಿಗೂ ಬೀಳದೆ ಆಗಿಹೋಗುತ್ತಿತ್ತು. 1960ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮೂವರು ಸಂಶೋಧಕರು ಎದೆ ಸೀಳದೆ, ಹೊರಗಿನಿಂದಲೇ ಕೈಯಿಂದ ಒತ್ತಿ ರಕ್ತ ಓಡಿಸಬಹುದೆಂದು ತೋರಿಸಿದರು. ಮರುವರ್ಷ ಎಡಿನ್‌ಬರೋದ ಯುವ ವೈದ್ಯ ಡೆಸ್ಮಂಡ್ ಜೂಲಿಯನ್ ಇಂಥ ರೋಗಿಗಳನ್ನೆಲ್ಲ ಒಂದೇ ಕಡೆ ಸೇರಿಸಿ, ಹೃದಯದ ಇಸಿಜಿ ಗೆರೆಯನ್ನು ಹಗಲೂ ರಾತ್ರಿ ನೋಡುತ್ತಿರಬೇಕೆಂದು ಬರೆದರು. 1962ರಲ್ಲಿ ಕಾನ್ಸಾಸ್‌ನಲ್ಲಿ ಡಾ. ಹ್ಯೂಸ್ ಡೇ ಅಂಥ ಒಂದು ಘಟಕವನ್ನು ತೆರೆದೂಬಿಟ್ಟರು.

ಆದರೆ ಒಂದು ತೊಡಕು ಇತ್ತು. ಗೆರೆ ಕೆಟ್ಟಾಗ ನೋಡುವವರು ನರ್ಸ್. ತಾಳ ಮರಳಿ ತರಲು ಎದೆಗೆ ವಿದ್ಯುತ್ ಶಾಕ್ ಕೊಡುವ ಅಧಿಕಾರ ಡಾಕ್ಟರದ್ದು. ಡಾಕ್ಟರು ಇನ್ನೊಂದು ಕಟ್ಟಡದಿಂದ ಓಡಿ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ತಾಳ ಕೆಟ್ಟು ನಡುಗುವ ಹೃದಯಕ್ಕೆ ಶಾಕ್ ತಡವಾದಷ್ಟೂ, ಎದೆ ಒತ್ತುವವರೂ ಇಲ್ಲದಿದ್ದರೆ, ಬದುಕುವ ಸಂಭವ ಪ್ರತಿ ನಿಮಿಷಕ್ಕೆ ಸುಮಾರು 7ರಿಂದ 10 ಶೇಕಡಾ ಕುಸಿಯುತ್ತದೆ. ಹಾಗಾಗಿ ಫಿಲಡೆಲ್ಫಿಯಾದ ಲಾರೆನ್ಸ್ ಮೆಲ್ಟ್ಸರ್, ನ್ಯೂಯಾರ್ಕಿನ ಥಾಮಸ್ ಕಿಲಿಪ್ ಮೊದಲಾದವರು ಆ ಕಾಲಕ್ಕೆ ದುಸ್ಸಾಹಸ ಎನಿಸುವ ಕೆಲಸ ಮಾಡಿದರು. ನರ್ಸ್‌ಗಳಿಗೆ ಗೆರೆ ಓದುವುದನ್ನು ಕಲಿಸಿ, ಡಾಕ್ಟರಿಗಾಗಿ ಕಾಯದೆ ಶಾಕ್ ಕೊಡಲು ಅಪ್ಪಣೆ ಕೊಟ್ಟರು. 1967ರಲ್ಲಿ ಕಿಲಿಪ್ ಮತ್ತು ಜಾನ್ ಕಿಂಬಾಲ್ 250 ರೋಗಿಗಳ ಲೆಕ್ಕ ಪ್ರಕಟಿಸಿದರು. ರಕ್ತದೊತ್ತಡ ಕುಸಿದು ಆಘಾತ ಸ್ಥಿತಿಗೆ ಹೋಗದವರಲ್ಲಿ ಸಾವಿನ ಪ್ರಮಾಣ 26 ಶೇಕಡಾದಿಂದ 7ಕ್ಕೆ ಇಳಿದಿತ್ತು.

ಸಿಸಿಯು ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಇದು. ಮಾನಿಟರ್ ತಂದು ನಿಲ್ಲಿಸಿದ್ದಕ್ಕಿಂತ, ಪಕ್ಕದಲ್ಲಿ ನಿಂತವರ ಕೈಗೆ ನಿರ್ಧಾರ ಕೊಟ್ಟದ್ದು ಹೆಚ್ಚು ಜನರನ್ನು ಉಳಿಸಿತು.

ಮೊದಲ ಹತ್ತು ನಿಮಿಷ

ಯಜಮಾನರು ತಾಲ್ಲೂಕು ಆಸ್ಪತ್ರೆ ಮುಟ್ಟಿದ್ದಾರೆ. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೀಗೆ ತಾಲ್ಲೂಕಿನಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಕೇಂದ್ರಕ್ಕೆ ಹೋಗಿ, ಅಲ್ಲಿಂದ ತಜ್ಞರ ಸಲಹೆ ಬರುತ್ತದೆ. ಗೆರೆ ಓದುವವರು ಎಷ್ಟೇ ದೊಡ್ಡ ತಜ್ಞರಾಗಿರಲಿ, ಎದೆಗೆ ಇಸಿಜಿ ವೈರಿನ ಬಟನ್ ಅಂಟಿಸಿದವರು ತಪ್ಪು ಜಾಗದಲ್ಲಿ ಅಂಟಿಸಿದ್ದರೆ ಓದಿದ್ದೂ ತಪ್ಪಾಗುತ್ತದೆ.

ಇಸಿಜಿಗೆ 10 ಕಡೆ ಸಂಪರ್ಕ ಬೇಕು, ಕೈಕಾಲಿಗೆ ನಾಲ್ಕು, ಎದೆಗೆ ಆರು. ಎದೆಯ ಮೊದಲನೆಯದು ಬಲಗಡೆ, ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ, ಎದೆಮೂಳೆಯ ಅಂಚಿಗೆ. ಅನುಭವಿ ನರ್ಸ್ ಕಣ್ಣಂದಾಜಿನಲ್ಲಿ ಅಂಟಿಸುವುದಿಲ್ಲ. ಎದೆಮೂಳೆಯ ಮೇಲ್ಗಡೆ ಬೆರಳಿಗೆ ಸಿಗುವ ಒಂದು ಉಬ್ಬು ಹಿಡಿದು, ಅಲ್ಲಿಂದ ಪಕ್ಕೆಲುಬು ಎಣಿಸುತ್ತಾ ಇಳಿಯುತ್ತಾರೆ. ಎರಡು ಬೆರಳು ಮೇಲೆ ಅಂಟಿಸಿದರೆ, ಆಗದೇ ಇದ್ದ ಹಳೆಯ ಹೃದಯಾಘಾತ ಕಾಗದದಲ್ಲಿ ಕಾಣಿಸಬಹುದು. ಎಡಗೈ ಬಲಗೈ ವೈರು ಅದಲುಬದಲಾದರೆ ಮೊದಲ ಗೆರೆಯೇ ತಲೆಕೆಳಗು. ಹೆಂಗಸರಾದರೆ ಇನ್ನೊಂದು ಎಚ್ಚರ. ಮೂರು ಬಟನ್ ಸ್ತನದ ಕೆಳಗಿನ ಅಂಚಿಗೆ ಬರಬೇಕು. ಪರದೆ ಎಳೆದು, ಸೆರಗನ್ನೇ ಹೊದಿಕೆ ಮಾಡಿ, "ಅಮ್ಮ, ಇಲ್ಲೊಂದು ಅಂಟಿಸ್ತೀನಿ, ತಣ್ಣಗಿರುತ್ತೆ" ಎಂದು ಹೇಳಿ ಮಾಡುವವರಿಗೆ ಸರಿಯಾದ ಇಸಿಜಿ ಸಿಗುತ್ತದೆ. ಸಂಕೋಚಕ್ಕೆ ಬಟ್ಟೆ ಸರಿಸದೆ ಅಂದಾಜಿಗೆ ಅಂಟಿಸಿದರೆ ಮರ್ಯಾದೆ ಉಳಿಯಿತು ಅನ್ನಿಸಬಹುದು, ರೋಗ ಮಾತ್ರ ತಪ್ಪಿಹೋಗುತ್ತದೆ.

ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಸಿನಿಮಾದ ಹಾಗೆ ಎದೆ ಹಿಡಿದು ಕುಸಿಯುವ ನೋವು ಇರಲೇಬೇಕೆಂದಿಲ್ಲ. ದವಡೆ ನೋವು, ಬೆನ್ನು ನೋವು, ವಾಂತಿ, ವಿಪರೀತ ಸುಸ್ತು, ಇಷ್ಟೇ ಇರಬಹುದು. "ಬೆಳಗ್ಗೆಯಿಂದ ಮೆಟ್ಲು ಹತ್ತೋಕೆ ಆಗ್ತಿಲ್ಲ ಸಿಸ್ಟರ್" ಎಂದ ಅರವತ್ತರ ಅಮ್ಮನನ್ನು ಬೆಂಚಿನ ಮೇಲೆ ಕೂರಿಸದೆ ನೇರ ಇಸಿಜಿಗೆ ಕರೆದೊಯ್ಯುವುದು ಇದಕ್ಕೇ.

ನಾಚಿಕೆಯ ಪ್ರಶ್ನೆಗಳು

ಯಜಮಾನರ ಇಸಿಜಿಯಲ್ಲಿ ಹೃದಯದ ಕೆಳಗೋಡೆಗೆ ಪೆಟ್ಟಾಗಿರುವುದು ಕಾಣುತ್ತದೆ. ಎದೆನೋವಿಗೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಎಲ್ಲರಿಗೂ ಗೊತ್ತು. ಪಕ್ಕದ ಮನೆಯವರು ಜೇಬಿನಿಂದ ತೆಗೆದು ಕೊಡುವಷ್ಟು ಗೊತ್ತು. ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಆದರೆ ಕೆಳಗೋಡೆಯ ಆಘಾತದಲ್ಲಿ ಎಷ್ಟೋ ಸಲ ಬಲಗಡೆಯ ಕೋಣೆಗೂ ಪೆಟ್ಟಾಗಿರುತ್ತದೆ. ಆ ಕೋಣೆ ತುಂಬಿದ್ದರಷ್ಟೇ ತಳ್ಳಬಲ್ಲ ಸ್ಥಿತಿಯಲ್ಲಿರುತ್ತದೆ. ಆಗ ಸಾರ್ಬಿಟ್ರೇಟ್ ಕೊಟ್ಟರೆ ಹಿಗ್ಗಿದ ನಾಳಗಳಲ್ಲೇ ರಕ್ತ ನಿಂತು ಬಿಪಿ ಧಡಕ್ಕನೆ ಬೀಳುತ್ತದೆ. ಅದಕ್ಕೆ ಬಲ ಎದೆಯ ಮೇಲೂ ಒಂದು ಬಟನ್ ಅಂಟಿಸಿ ಇನ್ನೊಂದು ಇಸಿಜಿ ತೆಗೆಯುವುದು. "ಒಂದ್ಸಲ ತೆಗೆದಾಯ್ತಲ್ಲ, ಮತ್ತೆ ಯಾಕೆ?" ಎಂದು ಮನೆಯವರು ಸಿಡುಕುವ ಆ ಎರಡನೇ ಇಸಿಜಿ ಇದೇ.

ಇನ್ನೊಂದು ಪ್ರಶ್ನೆ ಎಲ್ಲರ ಎದುರು ಕೇಳುವಂಥದ್ದಲ್ಲ. ಗಂಡಸರ ಲೈಂಗಿಕ ದೌರ್ಬಲ್ಯಕ್ಕೆ ತೆಗೆದುಕೊಳ್ಳುವ ಸಿಲ್ಡೆನಾಫಿಲ್ ಮಾತ್ರೆ ನುಂಗಿ 24 ಗಂಟೆಯೊಳಗೆ, ಟಡಾಲಫಿಲ್ ಆದರೆ 48 ಗಂಟೆಯೊಳಗೆ, ಸಾರ್ಬಿಟ್ರೇಟ್ ಜಾತಿಯ ಔಷಧ ಕೊಡಬಾರದು. ಎರಡೂ ಸೇರಿದರೆ ಬಿಪಿ ನೆಲ ಕಚ್ಚಬಹುದು. ಪಕ್ಕದಲ್ಲಿ ಸೊಸೆ ನಿಂತಿರುವಾಗ ಯಾವ ಯಜಮಾನರು ಬಾಯಿ ಬಿಡುತ್ತಾರೆ? ಅನುಭವಿ ನರ್ಸ್ "ಬಿಲ್ ಕೌಂಟರಿಗೆ ಹೋಗಿ ಬನ್ನಿ" ಎಂದು ಮನೆಯವರನ್ನು ಹೊರಗೆ ಕಳಿಸಿ, ಬಿಪಿ ಪಟ್ಟಿ ಸುತ್ತುತ್ತಾ, ದನಿ ತಗ್ಗಿಸಿ, ತೀರಾ ಮಾಮೂಲು ಎಂಬಂತೆ ಕೇಳುತ್ತಾರೆ: "ಎಲ್ರನ್ನೂ ಕೇಳ್ತೀವಿ ಯಜಮಾನ್ರೇ. ಎರಡು ದಿನದಲ್ಲಿ ಆ ತರದ್ದು ಏನಾದ್ರೂ ಮಾತ್ರೆ ತಗೊಂಡಿದ್ರಾ?" ಕುಡಿತ, ಬೀಡಿ, ನಾಟಿ ಔಷಧ, ದುಡ್ಡಿಲ್ಲದೆ ಬಿಟ್ಟ ಬಿಪಿ ಮಾತ್ರೆ, ಇವೆಲ್ಲ ಹೊರಬರುವುದೂ ಹೀಗೆಯೇ. ಗದರುವ ದನಿಯಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: "ಏನೂ ಇಲ್ಲ ಮೇಡಂ." ಕನಿಕರ, ಕೌಶಲ ಎಂದು ನಾವು ಬೇರೆ ಬೇರೆ ಮಾಡಿ ಹೊಗಳುತ್ತೇವೆ. ಈ ಹಾಸಿಗೆಯ ಬಳಿ ಮೆತ್ತಗೆ ಮಾತಾಡಿದ್ದರಿಂದ ಸಿಕ್ಕ ಒಂದು ಮಾಹಿತಿ ಪ್ರಾಣ ಉಳಿಸುವ ಮಾಹಿತಿ.

ಹೆದರಿಕೆಯ ವಿಷಯವೂ ಹಾಗೇ. ಹೆದರಿದವರ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ. ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಹೃದಯ ಹೆಚ್ಚು ದುಡಿದು ಹೆಚ್ಚು ಆಮ್ಲಜನಕ ಕೇಳುತ್ತದೆ. ಅದೇ ಆಮ್ಲಜನಕ ಸಿಗದೆ ಅದು ಸಾಯುತ್ತಿರುವುದು. "ಈಗ ಕೈಗೆ ಸೂಜಿ ಹಾಕ್ತೀನಿ, ಆಮೇಲೆ ಒಂದು ಇಂಜೆಕ್ಷನ್, ನಾನು ಇಲ್ಲೇ ಇರ್ತೀನಿ" ಎಂಬ ಮೂರು ಮಾತಿಗೆ ನಾಡಿ ಇಳಿಯುವುದು ಮಾನಿಟರಿನಲ್ಲೇ ಕಾಣುವುದುಂಟು.

ಕೊಡುವ ಕೈ, ತಡೆಯುವ ಕೈ

ರಕ್ತದ ಗಡ್ಡೆ ಕರಗಿಸುವ ಔಷಧ ಯಜಮಾನರಿಗೆ ಬೇಕು ಎಂದು ತಜ್ಞರು ಹೇಳಿದ್ದಾರೆ. ಟೆನೆಕ್ಟೆಪ್ಲೇಸ್ ಎಂಬ ಈ ಇಂಜೆಕ್ಷನ್ ಹೊರಗೆ ಹತ್ತಾರು ಸಾವಿರ ರೂಪಾಯಿ. ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತ. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ ಕೊಡುತ್ತಾರೆ. ಹಳೆಯ ಸ್ಟ್ರೆಪ್ಟೊಕೈನೇಸ್ ಆದರೆ 15 ಲಕ್ಷ ಯೂನಿಟ್ಟನ್ನು ಅರ್ಧದಿಂದ ಒಂದು ಗಂಟೆ ಹರಿಸಬೇಕು, ನಡುವೆ ಬಿಪಿ ಬೀಳುವುದು ಸಾಮಾನ್ಯ. ಎರಡೂ ಹೃದಯದ ಗಡ್ಡೆಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಮಿದುಳಿನಲ್ಲಿ ಎಂದೋ ಆದ ಗಾಯವಿದ್ದರೆ ಅಲ್ಲೂ ರಕ್ತ ಹರಿಸಬಲ್ಲವು. ಅದಕ್ಕೆ ಪ್ರಶ್ನೆಗಳ ಸುರಿಮಳೆ: ಲಕ್ವ ಹೊಡೆದಿತ್ತಾ? ತಲೆಗೆ ಪೆಟ್ಟಾಗಿತ್ತಾ? ಇತ್ತೀಚೆಗೆ ಆಪರೇಷನ್? ಮಲ ಕಪ್ಪಗೆ ಹೋಗುತ್ತಾ? ಔಷಧ ಹೋದ ಮೇಲೆ ನರ್ಸ್ ಒಸಡು ನೋಡುತ್ತಾರೆ, ಮೂತ್ರದ ಬಣ್ಣ ನೋಡುತ್ತಾರೆ, ಆಗಾಗ ಹೆಸರು, ಊರು ಕೇಳುತ್ತಾರೆ. ಮಾತು ತೊದಲಿತೇ ಎಂದು ತಿಳಿಯಲು ಅದು ಪರೀಕ್ಷೆ. ಆ ದಿನ ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಬೇಡ, ಚುಚ್ಚಿದಲ್ಲೆಲ್ಲ ಒಳಗೇ ರಕ್ತ ಸೋರಿ ನಿಲ್ಲುತ್ತದೆ.

ಹೃದಯ ವಾರ್ಡಿನ ನರ್ಸ್‌ಗಳು ವಿಶೇಷವಾಗಿ ಹೆದರುವ ಔಷಧ ಮಾತ್ರ ಇದಲ್ಲ. ಅದು ಪೊಟ್ಯಾಸಿಯಂ ಕ್ಲೋರೈಡ್, ನೀರಿನಂತೆ ಕಾಣುವ, ಅಗ್ಗದ, ಸಣ್ಣ ಬಾಟಲಿಯ ಲವಣ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಕಡಿಮೆಯಾದರೂ ಹೃದಯದ ತಾಳ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ. ಗ್ಲೂಕೋಸಿಗೋ ಸಲೈನಿಗೋ ಬೆರೆಸಿ ಗಂಟೆಗಟ್ಟಲೆ ಹರಿಸಬೇಕಾದ ಇದನ್ನು ಯಾರಾದರೂ ಮರೆತು ನೇರ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಹಾಗಾಗಿ ಅದನ್ನು ಬೇರೆ ಕಪಾಟಿನಲ್ಲಿ, ಕೆಂಪು ಚೀಟಿ ಅಂಟಿಸಿ ಇಡುವುದು. ಇಬ್ಬರು ನರ್ಸ್ ನಿಂತು ಹೆಸರು, ಪ್ರಮಾಣ, ವೇಗ ಜೋರಾಗಿ ಓದಿಯೇ ಶುರು ಮಾಡುವುದು. ಹೊರಗಿನವರಿಗೆ ಇದು ಹೊತ್ತು ಕಳೆಯುವಂತೆ ಕಾಣುತ್ತದೆ. ಡಾಕ್ಟರು ಅವಸರದಲ್ಲಿ ತಪ್ಪು ಪ್ರಮಾಣ ಬರೆದಿದ್ದರೆ "ಸರ್, ಇದನ್ನೊಂದ್ಸಲ ನೋಡ್ತೀರಾ" ಎಂದು ತಡೆಯುವುದೂ ಇದೇ ಕೆಲಸದ ಭಾಗ. ಆ ಒಂದು ವಾಕ್ಯ ಹೇಳುವ ಧೈರ್ಯ ಬರಲು ಎಷ್ಟೋ ವರ್ಷ ಬೇಕಾಗುತ್ತದೆ ಎಂದು ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ.

ಕೂಗುವ ಮಾನಿಟರ್, ಕೂಗದ ರೋಗಿ

ಯಜಮಾನರು ಈಗ ಮೈಸೂರಿನ ಸಿಸಿಯುನಲ್ಲಿ. ಅಲ್ಲಿ ಯಾವಾಗಲೂ ಒಂದಿಲ್ಲೊಂದು ಯಂತ್ರ ಕೂಗುತ್ತಿರುತ್ತದೆ. ಬೇರೆ ಬೇರೆ ಅಧ್ಯಯನಗಳ ಪ್ರಕಾರ ಇಂಥ ಕೂಗುಗಳಲ್ಲಿ 72ರಿಂದ 99 ಶೇಕಡಾ ಸುಳ್ಳು ಅಥವಾ ಏನೂ ಮಾಡಬೇಕಿಲ್ಲದವು. ರೋಗಿ ಮಗ್ಗುಲಾದ, ಬಟನ್ ಕಿತ್ತುಬಂತು, ಬೆರಳಿನ ಕ್ಲಿಪ್ ಜಾರಿತು. ಹಲ್ಲುಜ್ಜುವಾಗಿನ ಕೈಯ ಅಲುಗಾಟ ಪರದೆಯ ಮೇಲೆ ಥೇಟ್ ಪ್ರಾಣಾಂತಿಕ ತಾಳದಂತೆ ಕಾಣುತ್ತದೆ. ಹೊಸಬರು ಪರದೆ ನೋಡಿ ಓಡುತ್ತಾರೆ. ಹಳಬರು ಮೊದಲು ಮುಖ ನೋಡುತ್ತಾರೆ. ಬಾಯಲ್ಲಿ ಬ್ರಶ್ ಇದೆಯೇ? ಹಾಗಾದರೆ ಸರಿ. ಇಡೀ ದಿನ ಸುಳ್ಳು ಕೂಗು ಕೇಳಿ ಕಿವಿ ಮಂದವಾಗುವ ಅಪಾಯವೂ ಉಂಟು. ಅದಕ್ಕೆ ಪ್ರತಿ ರೋಗಿಗೆ ತಕ್ಕಂತೆ ಕೂಗಿನ ಮಿತಿ ಹೊಂದಿಸುವುದು, ಬೆವರಿದ ಎದೆಯನ್ನು ಒರೆಸಿ ಬಟನ್ ಬದಲಿಸುವುದು ಪಾಳಿಯ ಮೊದಲ ಕೆಲಸಗಳಲ್ಲಿ ಸೇರಿವೆ.

ಯಂತ್ರ ಕೂಗದೇ ಇರುವಾಗ ಕೆಡುವ ರೋಗಿ ಇನ್ನೂ ಕಷ್ಟ. ಸಂಜೆ ಮೊಮ್ಮಗಳ ಬಗ್ಗೆ ಹರಟಿದವರು ರಾತ್ರಿ ಹನ್ನೊಂದಕ್ಕೆ ಸುಮ್ಮನಾಗುತ್ತಾರೆ, ಹೊದಿಕೆ ಎಳೆದಾಡುತ್ತಾರೆ, ಎದ್ದು ಕೂರುತ್ತಾರೆ. ಬಿಪಿ ಸರಿಯಿದೆ, ನಾಡಿ ಸರಿಯಿದೆ. ನರ್ಸ್ ಕೈ ಮುಟ್ಟಿ ನೋಡುತ್ತಾರೆ, ತಣ್ಣಗಿದೆ. ಉಗುರು ಒತ್ತಿ ಬಿಡುತ್ತಾರೆ, ಬಣ್ಣ ಎರಡು ಸೆಕೆಂಡಿನಲ್ಲಿ ಮರಳಬೇಕಿತ್ತು, ಮರಳಲಿಲ್ಲ. ಮೂತ್ರದ ಚೀಲ ನೋಡುತ್ತಾರೆ. 60 ಕಿಲೋ ತೂಕದವರಿಗೆ ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಬರಬೇಕು, ಕಳೆದ ಗಂಟೆಯಲ್ಲಿ ಬಂದದ್ದು 10. ಹೃದಯ ಸೋಲತೊಡಗಿದಾಗ ದೇಹ ಮೊದಲು ಚರ್ಮ, ಮೂತ್ರಪಿಂಡಗಳ ರಕ್ತ ಕಡಿತ ಮಾಡಿ ಮಿದುಳಿಗೆ ಕಳಿಸುತ್ತದೆ. ಬಿಪಿ ಬೀಳುವುದು ಆ ಉಳಿತಾಯವೂ ಸಾಲದಾದಾಗ. ಹಾಗಾಗಿ ಪಾದ ಮುಟ್ಟುವ ನರ್ಸ್‌ಗೆ ಮಾನಿಟರಿಗಿಂತ ಮುಂಚೆ ಸುದ್ದಿ ಸಿಗುತ್ತದೆ. "ನನಗ್ಯಾಕೋ ಉಳಿಯಲ್ಲ ಅನ್ನಿಸ್ತಿದೆ ತಾಯಿ" ಎಂದು ರೋಗಿ ಹೇಳಿದರೆ ಅದನ್ನೂ ಅವರು ಲಕ್ಷಣವೆಂದೇ ಬರೆದುಕೊಳ್ಳುತ್ತಾರೆ.

ತೊಡೆಯ ಮೇಲೆ ಇಪ್ಪತ್ತು ನಿಮಿಷ

ಆಂಜಿಯೋಪ್ಲಾಸ್ಟಿ ಎಂದರೆ ಕೈಯ ಅಥವಾ ತೊಡೆಯ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ, ಕಟ್ಟಿದ ಜಾಗದಲ್ಲಿ ಬಲೂನು ಉಬ್ಬಿಸಿ, ಸ್ಟೆಂಟ್ ಎಂಬ ಲೋಹದ ಜಾಲರಿ ಕೂರಿಸುವುದು. ಈಗ ಹೆಚ್ಚಾಗಿ ಮಣಿಕಟ್ಟಿನಿಂದಲೇ ಮಾಡುತ್ತಾರೆ. ತೊಡೆಯಿಂದ ಮಾಡಿದ್ದರೆ ಕೊಳವೆ ತೆಗೆದ ಮೇಲೆ ಯಾರಾದರೂ ಆ ಜಾಗವನ್ನು 15–20 ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹಗುರಾದರೆ ರಕ್ತ ಚಿಮ್ಮುತ್ತದೆ, ಅತಿಯಾದರೆ ಕಾಲಿಗೇ ರಕ್ತ ನಿಲ್ಲುತ್ತದೆ. ಇನ್ನೊಂದು ಕೈ ಪಾದದ ನಾಡಿಯ ಮೇಲೆ. ಆ ನಾಡಿ ಸಿಗುವ ಜಾಗಕ್ಕೆ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿರುತ್ತಾರೆ. ಮನೆಯವರು "ಕಾಲ ಮೇಲೇನಿದು ಇಂಟು ಮಾರ್ಕು?" ಎಂದು ಕೇಳುವುದು ಇದನ್ನೇ.

ಆ ಹೊತ್ತಿನಲ್ಲಿ ರೋಗಿ ಬಿಳಚಿಕೊಂಡು ಬಿಪಿ ಬಿದ್ದರೆ ಎರಡು ಕಾರಣ ಇರಬಹುದು. ನೋವು, ಗಾಬರಿಗೆ ನರ ಕೆರಳಿ ಹೃದಯ ನಿಧಾನವಾದದ್ದು ಒಂದು. ಒಳಗೆ, ಬೆನ್ನ ಕಡೆಗೆ, ಕಾಣದಂತೆ ರಕ್ತ ಸೋರುತ್ತಿರುವುದು ಇನ್ನೊಂದು. ಮೊದಲನೆಯದರಲ್ಲಿ ಬಿಪಿ ಜೊತೆ ನಾಡಿಯೂ ಇಳಿಯುತ್ತದೆ. ಎರಡನೆಯದರಲ್ಲಿ ಬಿಪಿ ಇಳಿದು ನಾಡಿ ಏರುತ್ತದೆ, ಬೆನ್ನು ನೋಯುತ್ತದೆ. ಪುಸ್ತಕದಲ್ಲಿ ಇಷ್ಟೇ ಇದೆ. ಹಳಬರಿಗೆ ಗೊತ್ತಿರುವ ಕೊಕ್ಕೆ ಇನ್ನೊಂದಿದೆ. ಹೃದ್ರೋಗಿಗಳು ನಾಡಿ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಹಾಗಾಗಿ ಒಳಗೆ ರಕ್ತ ಸೋರಿದರೂ ನಾಡಿ ಏರದಿರಬಹುದು. "ಬೆನ್ನು ಯಾಕೋ ಹಿಡ್ಕೊಂಡಂಗಿದೆ" ಎಂಬ ಮಾತನ್ನು ಮಲಗಿ ಮಲಗಿ ಬಂದ ನೋವು ಎಂದು ತಳ್ಳಿಹಾಕದಿರುವುದು ಅದಕ್ಕೆ.

ತಾಳಿ ಬಿಚ್ಚುವ ರಾತ್ರಿ

ತೆರೆದ ಹೃದಯದ ಆಪರೇಷನ್ನಿನದು ಬೇರೆಯೇ ಲೋಕ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ, ಅಂದರೆ ವಾಲ್ವ್, ಕೆಟ್ಟವರಲ್ಲಿ ಚಿಕ್ಕ ವಯಸ್ಸಿನ ಹೆಂಗಸರು ಬಹಳ. ಆಪರೇಷನ್ನಿಗೆ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹ ತಾಗಿದಲ್ಲಿ ಸುಟ್ಟಗಾಯ ಆಗಬಹುದು, ಬೆರಳು ಊದಿಕೊಂಡರೆ ಉಂಗುರ ಬಿಗಿಯುತ್ತದೆ. ಕಾರಣ ಸರಳ. ಆದರೆ ಹಿಂದಿನ ರಾತ್ರಿ ತಾಳಿ, ಕಾಲುಂಗುರ ಬಿಚ್ಚು ಎಂದರೆ ಆಪರೇಷನ್ನಿಗಿಂತ ಅದಕ್ಕೇ ಹೆಚ್ಚು ಹೆದರುವವರಿದ್ದಾರೆ. ನುರಿತ ನರ್ಸ್ ಆಗ ನಿಯಮ ಓದಿ ಹೇಳುವುದಿಲ್ಲ. ಅತ್ತೆಯನ್ನೋ ತಾಯಿಯನ್ನೋ ಒಳಗೆ ಕರೆಸಿ, ಅವರ ಕೈಯಿಂದಲೇ ಬಿಚ್ಚಿಸಿ, ಬದಲಿಗೆ ಕೈಗೆ ಅರಿಶಿನದ ಕೊಂಬಿನ ದಾರ ಕಟ್ಟಿಕೊಳ್ಳಲು ಬಿಡುತ್ತಾರೆ. ಒಡವೆಯನ್ನು ಎಣಿಸಿ, ಬರೆದು, ಸಹಿ ಹಾಕಿಸಿಕೊಂಡು ಮನೆಯವರಿಗೆ ಕೊಡುತ್ತಾರೆ.

ಮರುದಿನ ಎದೆಯಿಂದ ಕೊಳವೆಗಳು ಹೊರಬಂದಿರುತ್ತವೆ. ಅವುಗಳಲ್ಲಿ ಸೋರುವ ರಕ್ತವನ್ನು ಗಂಟೆಗೊಮ್ಮೆ ಅಳೆಯುತ್ತಾರೆ. ಗಂಟೆಗೆ 200 ಮಿಲಿಲೀಟರ್ ದಾಟಿದರೆ ಸರ್ಜನ್ನಿಗೆ ಫೋನ್ ಹೋಗುತ್ತದೆ. ಚೆನ್ನಾಗಿ ಸೋರುತ್ತಿದ್ದದ್ದು ಧಿಡೀರನೆ ನಿಂತರೂ ಫೋನ್ ಹೋಗುತ್ತದೆ. ಕೊಳವೆಯಲ್ಲಿ ಗಡ್ಡೆ ಕಟ್ಟಿ, ರಕ್ತ ಒಳಗೇ ತುಂಬಿ ಹೃದಯವನ್ನು ಅಮುಕುತ್ತಿರಬಹುದು. ಬಿಪಿ ಇಳಿದು, ಕತ್ತಿನ ನರ ಉಬ್ಬಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕೆಮ್ಮುವಾಗ ಎದೆಗೆ ದಿಂಬು ಅಪ್ಪಿಕೊಳ್ಳಿ ಎಂದು ಹೇಳಿಕೊಡುವುದು, ಸ್ಟೀಲ್ ತಂತಿಯಿಂದ ಹೊಲಿದ ಎದೆಮೂಳೆ ಕೂಡಲು 6ರಿಂದ 8 ವಾರ ಬೇಕು, ಅಲ್ಲಿಯವರೆಗೆ ಬಿಂದಿಗೆ ಎತ್ತಬೇಡಿ, ಮಗುವನ್ನೂ ಎತ್ತಬೇಡಿ ಎಂದು ತಿಳಿಸುವುದು ಆಮೇಲಿನ ಕೆಲಸ. ಮಗುವನ್ನು ಎತ್ತಬೇಡಿ ಎಂದಾಗ ಅಳುವವರಿಗೆ, ಕೂತ ಮೇಲೆ ತೊಡೆಗೆ ಬೇರೆಯವರು ತಂದು ಮಲಗಿಸಬಹುದು ಎಂದೂ ಹೇಳಬೇಕು.

ಮನೆಗೆ ಹೋಗುವ ದಿನ

ಡಿಸ್ಚಾರ್ಜ್ ದಿನ ಎಲ್ಲರಿಗೂ ಬಿಲ್ಲಿನ ಗಡಿಬಿಡಿ. ಮುಂದಿನ ವರ್ಷ ಮತ್ತೆ ಅಡ್ಮಿಟ್ ಆಗುತ್ತಾರೋ ಇಲ್ಲವೋ ಎಂಬುದರಲ್ಲಿ ಬಹಳಷ್ಟು ಅಂದಿನ ಅರ್ಧ ಗಂಟೆಯ ಮಾತಿನ ಮೇಲೆ ನಿಂತಿರುತ್ತದೆ.

ಯಜಮಾನರಿಗೆ ಸ್ಟೆಂಟ್ ಹಾಕಿದೆ. ರಕ್ತ ಗಟ್ಟಿಯಾಗದಂತೆ ಎರಡು ಬಗೆಯ ಮಾತ್ರೆ, ಸಾಮಾನ್ಯವಾಗಿ ಒಂದು ವರ್ಷ. ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ಗಡ್ಡೆ ಕಟ್ಟಬಹುದು. ಬಿಡುವುದು ಯಾವಾಗ? ಹಲ್ಲು ಕೀಳಿಸುವಾಗ, ಹುಷಾರಾದೆ ಅನ್ನಿಸಿದಾಗ, ದುಡ್ಡು ಮುಗಿದಾಗ. "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅನುಭವಿಗಳು ಕೇಳುವುದು ಹೀಗೆ: "ಮನೇಲಿ ನಿಮ್ಮವರು ಕೇಳಿದ್ರೆ ಈ ಮಾತ್ರೆ ಯಾಕೆ ಅಂತ ಹೇಳ್ತೀರಿ, ನಂಗೇ ಹೇಳಿ ನೋಡೋಣ." ತಿಂಗಳ ಮಾತ್ರೆಗೆ ಏನು ಮಾಡುತ್ತೀರಿ ಎಂದು ಮೆಲ್ಲಗೆ ಕೇಳಿ, ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ.

ಹೃದಯದ ಶಕ್ತಿ ಕುಂದಿದವರಿಗೆ ತೂಕದ ಯಂತ್ರವೇ ಮನೆಯ ಮಾನಿಟರ್. ದಿನಾ ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ನೋಡಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವ ಮೊದಲೇ ಫೋನ್ ಮಾಡಬೇಕು. ದಿಂಬಿನ ಪ್ರಶ್ನೆಯ ಗುಟ್ಟೂ ಇದೇ. ಮಲಗಿದರೆ ಆ ನೀರು ಶ್ವಾಸಕೋಶಕ್ಕೆ ಏರಿ ಉಸಿರು ಕಟ್ಟುತ್ತದೆ, ಅದಕ್ಕೆ ರೋಗಿ ತನಗೇ ಗೊತ್ತಿಲ್ಲದಂತೆ ಒಂದು ದಿಂಬಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗಿರುತ್ತಾನೆ. ಉಪ್ಪು ಕಡಿಮೆ ಮಾಡಿ ಎಂದರೆ ಸಾರಿಗೆ ಹಾಕುವ ಉಪ್ಪಷ್ಟೇ ನೆನಪಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಎಂದು ಹೆಸರು ಹಿಡಿದು ಹೇಳಿದಾಗಲೇ ಮನೆಯಾಕೆಯ ಮುಖ ಸಪ್ಪಗಾಗುವುದು.

ಲೋಹದ ಕವಾಟ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಂನಂಥ ಮಾತ್ರೆ ಜೀವನಪೂರ್ತಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದರ ವಿರುದ್ಧ ಕೆಲಸ ಮಾಡುತ್ತದೆ. "ಹಾಗಾದ್ರೆ ಬಸ್ಸಾರು ಬಿಡ್ಬೇಕಾ ಸಿಸ್ಟರ್?" ಬಿಡಬೇಕಿಲ್ಲ. ಒಂದು ವಾರ ದಿನಾ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು, ಅಷ್ಟೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದ ಮಾತ್ರೆ ನುಂಗುವುದು ಇದಕ್ಕಿಂತ ದೊಡ್ಡ ಅಪಾಯ, ಹೊಟ್ಟೆಯಲ್ಲಿ ರಕ್ತ ಸೋರಬಹುದು. ಮದುವೆಯಾದ ಹುಡುಗಿಯಾದರೆ ಇನ್ನೊಂದು ಮಾತು, ಒಬ್ಬಳೇ ಇರುವಾಗ: ಮುಟ್ಟು ನಿಂತ ತಕ್ಷಣ ಬಂದು ತೋರಿಸು, ಈ ಮಾತ್ರೆ ಮೊದಲ ತಿಂಗಳುಗಳಲ್ಲಿ ಮಗುವಿಗೆ ಒಳ್ಳೆಯದಲ್ಲ, ಹಾಗಂತ ನೀನಾಗೇ ನಿಲ್ಲಿಸಲೂ ಬೇಡ.

ಅನುಭವ ಎಂದರೆ ವರ್ಷಗಳ ಲೆಕ್ಕವೇ?

ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದರ ಮೇಲೆ ಹೃದಯ ಮತ್ತು ಎದೆಗೆ ಸಂಬಂಧಿಸಿದ ಒಂದು ವರ್ಷದ ವಿಶೇಷ ಡಿಪ್ಲೊಮಾ ಮಾಡುವವರೂ ಇದ್ದಾರೆ. ಸರ್ಕಾರಿ ಆಸ್ಪತ್ರೆಯ ಬೋರ್ಡಿನಲ್ಲಿ ಈಗ ಅವರ ಹುದ್ದೆ ನರ್ಸಿಂಗ್ ಆಫೀಸರ್. ಬಾಯಲ್ಲಿ ಇನ್ನೂ ಸಿಸ್ಟರ್, ಬ್ರದರ್.

ಪರಿಣತಿ ಹೇಗೆ ಬೆಳೆಯುತ್ತದೆ ಎಂದು ಅಮೆರಿಕದ ನರ್ಸಿಂಗ್ ಸಂಶೋಧಕಿ ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ಐದು ಹಂತಗಳಲ್ಲಿ ವಿವರಿಸಿದರು. ಚದುರಂಗದ ಆಟಗಾರರನ್ನೂ ವಿಮಾನ ಚಾಲಕರನ್ನೂ ನೋಡಿ ಬೇರೆಯವರು ಕಟ್ಟಿದ್ದ ಮಾದರಿ ಅದು. ಮೊದಲ ಹಂತದವರು ನಿಯಮ ಹಿಡಿದು ನಡೆಯುತ್ತಾರೆ. ಕೊನೆಯ ಹಂತದವರು ಇಡೀ ಸನ್ನಿವೇಶವನ್ನು ಒಂದೇ ನೋಟಕ್ಕೆ ಗ್ರಹಿಸುತ್ತಾರೆ, ಹೇಗೆ ಗೊತ್ತಾಯಿತು ಎಂದು ಕೇಳಿದರೆ ತಡವರಿಸುತ್ತಾರೆ. ಮುದ್ದೆ ತೊಳಸುವ ಅಜ್ಜಿಯನ್ನು ಹಿಟ್ಟೆಷ್ಟು ನೀರೆಷ್ಟು ಎಂದು ಕೇಳಿದರೂ ಹೀಗೇ ಅಲ್ಲವೇ, ಅವಳಿಗೆ ಗೊತ್ತಿರುವುದು ಕೋಲು ಹಿಡಿದ ಕೈಗೆ ತಾಗುವ ಭಾರ.

ಇಷ್ಟೆಲ್ಲ ಗಮನಿಸಲು ಹೊತ್ತು ಬೇಕು. 2002ರಲ್ಲಿ ಲಿಂಡಾ ಐಕನ್ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಆಪರೇಷನ್ ಆದವರ ದಾಖಲೆ ನೋಡಿ ಒಂದು ಲೆಕ್ಕ ಕೊಟ್ಟಿತು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, 30 ದಿನದೊಳಗೆ ಸಾಯುವ ಸಂಭವ 7 ಶೇಕಡಾ ಏರುತ್ತದೆ. ಕರೆದಾಗ ಸಿಸ್ಟರ್ ಬರಲಿಲ್ಲ ಎಂದು ಕೂಗಾಡುವ ಮುಂಚೆ, ಆ ವಾರ್ಡಿನಲ್ಲಿ ಆ ಹೊತ್ತು ಎಷ್ಟು ಹಾಸಿಗೆಗೆ ಎಷ್ಟು ಜನ ಇದ್ದಾರೆ ಎಂದು ಎಣಿಸಿ ನೋಡಬಹುದು.

ಪಾಳಿ ಬದಲಾಗುವಾಗ

ಬೆಳಿಗ್ಗೆ ರಾತ್ರಿ ಪಾಳಿಯವರು ಹಗಲಿನವರಿಗೆ ರೋಗಿಯನ್ನು ಒಪ್ಪಿಸಿಕೊಡುವುದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಏನಾಗಿದೆ, ಹಿನ್ನೆಲೆ ಏನು, ಈಗ ಹೇಗಿದ್ದಾರೆ, ಮುಂದೇನು ಮಾಡಬೇಕು ಎಂಬ ನಾಲ್ಕು ಹೆಜ್ಜೆ ಅದಕ್ಕೆ. ಏನೂ ಬಿಟ್ಟುಹೋಗದಿರಲೆಂದು ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳುತ್ತಾರೆ. ಯಜಮಾನರದ್ದು ಹೀಗಿರಬಹುದು:

"ನಾಲ್ಕನೇ ಬೆಡ್. ಕೆಳಗೋಡೆ ಎಂಐ, ಅಲ್ಲೇ ಟೆನೆಕ್ಟೆಪ್ಲೇಸ್ ಆಗಿ ಬಂದವರು, ನಿನ್ನೆ ಸ್ಟೆಂಟ್. ಬಿಪಿ 110–70, ನಾಡಿ 68. ಪೊಟ್ಯಾಸಿಯಂ 3.4 ಇತ್ತು, ಡ್ರಿಪ್ ಓಡ್ತಿದೆ, ಹತ್ತಕ್ಕೆ ಮತ್ತೆ ರಕ್ತ ಕಳಿಸಬೇಕು. ಮೂತ್ರ ಸರಿಯಾಗಿದೆ. ಬಲಗಿವಿ ಕೇಳಿಸಲ್ಲ, ಎಡಗಡೆ ನಿಂತು ಮಾತಾಡಿ, ಇಲ್ಲಾಂದ್ರೆ ಸುಮ್ನೆ ಹೂಂ ಅಂತಾರೆ. ಮಗಳು ಶಿವಮೊಗ್ಗದಿಂದ ಬರ್ತಿದ್ದಾಳೆ, ಎಂಟರ ಬಸ್ಸು. ವಿಸಿಟಿಂಗ್ ಟೈಮಿಗೆ ಕಾಯಿಸ್ಬೇಡಿ, ಐದು ನಿಮಿಷ ಒಳಗೆ ಬಿಡಿ. ರಾತ್ರಿಯೆಲ್ಲ ಕೇಳಿದ್ದು ಅದೊಂದೇ."